ಹೊನ್ನಾಳಿಗೆ ಬಂದ ಕಡಲು

ಹೊನ್ನಾಳಿ
12-10-1978

ಚಿ. ಸೌ. ಅನ್ನಪೂರ್ಣಳಿಗೆ ಅತ್ತೆ ಸರ್ವಮಂಗಳಮ್ಮನ ಆಶೀರ್ವಾದ.

ನಿನ್ನ ಅಪ್ಪ ಗೋವಿನಕೋವಿಯಿಂದ ಬಂದು ನಮ್ಮ ಅಂಗಡಿಯಲ್ಲಿ ಕೂತು ಹೋದರು. "ಮಗಳನ್ನ ಮನಿಗೆ ಕರ್ಕಂಡ್ ಹೋಗ್ತೀವಿ ಕಲ್ಲೇಶಪ್ಪ, ಒಬ್ಬಾಕೀನ ಆ ಕಡಲ ಊರಾಗೆ ಇನ್ನೆಷ್ಟು ದಿನ ಬಿಡಾಕೆ ಆಗ್ತೈತೆ" ಎಂದರು. ನಿನ್ನ ಮಾವ ದೇವರ ಫೋಟೋಕ್ಕೆ ಗಾಜು ಕತ್ತರಿಸುತ್ತಾ ತಲೆಯಾಡಿಸಿದರು. ತಲೆಯಾಡಿಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನೇ ಹೊರಗೆ ಬಂದು ಹೇಳಿದೆ: "ಆಕಿ ಬರಾದಿಲ್ಲ ರೀ. ನಾಳೆ ಮಹೇಶ ಬಂದು ಬಾಗ್ಲಿಗೆ ಬೀಗ ನೋಡಿದ್ರೆ ಎಲ್ಲಿಗೆ ಹೋಗ್ಬೇಕು?" ನಿನ್ನ ಅಪ್ಪ ಕಾಫಿ ಪೂರ್ತಿ ಕುಡಿಯದೆ ಎದ್ದರು.

ನಿನಗೂ ಅದನ್ನೇ ಬರೆಯುತ್ತಿದ್ದೇನೆ. ಮಹೇಶನ ಕೆಲಸಕ್ಕೆಂದು ನೀವಿಬ್ಬರೂ ಹಿಡಿದ ಆ ಕೋಣೆ ಬಿಡಬೇಡ. ಮೇ ತಿಂಗಳಲ್ಲಿ ದೋಣಿ ಮಗುಚಿತು, ಜೊತೆಗಿದ್ದ ಆಫೀಸಿನವರು ಈಜಿ ದಡ ಸೇರಿದರು, ನನ್ನ ಮಗ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ನಮ್ಮಲ್ಲಿ ಹೋದವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಮಾಡುತ್ತಾರೆ. ಮಣ್ಣು ಮಾಡದೆ ಒಬ್ಬರನ್ನು ಹೋದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿನ್ನ ಮಾವ ಅವನ ಫೋಟೋ ದೊಡ್ಡದು ಮಾಡಿಸಿ ತಂದು ಗಾಜು ಅಳೆಯಲು ಕೂತಿದ್ದರು. ಆ ಫೋಟೋ ಈಗ ನನ್ನ ಟ್ರಂಕಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ.

ಇನ್ನೊಂದು ಕೆಲಸ. ನನಗೆ ಸಮುದ್ರದ ನೀರು ಬೇಕು. ನಾನು ಸಮುದ್ರ ಕಂಡವಳಲ್ಲ. ನನ್ನ ತವರು ಸೂಳೆಕೆರೆಯ ಏರಿಯ ಕೆಳಗೆ. ಮಂಜು ಬಿದ್ದು ಆಚೆ ದಡ ಕಾಣದಿದ್ದಾಗ ಸಮುದ್ರವೂ ಹೀಗೇ ಇರಬೇಕು ಅಂದುಕೊಳ್ಳುತ್ತಿದ್ದೆ. ಮಹೇಶ ನಗುತ್ತಿದ್ದ. "ಕೆರಿ ಸುಮ್ನೆ ಇರ್ತೈತವ್ವ, ಕಡಲು ಉಸಿರಾಡ್ತೈತೆ" ಎನ್ನುತ್ತಿದ್ದ. ಆ ಉಸಿರಾಡುವ ನೀರನ್ನು ಒಂದು ಕ್ಯಾನು ತುಂಬಿಸಿ, ಹೊನ್ನಾಳಿ ಮೇಲೆ ಬರುವ ದಾವಣಗೆರೆ ಬಸ್ಸಿನಲ್ಲಿ ಕಳಿಸು. ಕಂಡಕ್ಟರ್ ಧರ್ಮಪ್ಪ ಸಾಸ್ವೆಹಳ್ಳಿಯವನು, ನಮ್ಮ ಅಂಗಡಿಯ ಗಿರಾಕಿ, ತರುತ್ತಾನೆ. ಯಾಕೆ ಎಂದು ಕೇಳಬೇಡ. ಕೇಳಿದರೆ ನನಗೂ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತೆ,
ಸರ್ವಮಂಗಳಮ್ಮ


ಹೊನ್ನಾವರ
27-10-1978

ಅತ್ತೆಯವರ ಪಾದಕ್ಕೆ ಅನ್ನಪೂರ್ಣಳ ಶರಣು.

ಇವತ್ತಿನ ಬಸ್ಸಿಗೆ ಕ್ಯಾನು ಹಾಕಿದ್ದೇನೆ. ಹೊಳೆ ಬಂದು ಸೇರುವಲ್ಲಿ ಉಪ್ಪು ಕಡಿಮೆ ಎಂದು ಬಂಡೆಗಳಿರುವ ದಡದ ತನಕ ನಡೆದು ಹೋಗಿ ತುಂಬಿಸಿದೆ. ಧರ್ಮಪ್ಪನವರು "ಏನ್ ತಾಯಿ ಇದು, ಎಣ್ಣಿನಾ?" ಎಂದರು. ಸಮುದ್ರ ಎಂದೆ. ನನ್ನ ಮುಖ ನೋಡಿ ತಮ್ಮ ಸೀಟಿನ ಹತ್ತಿರವೇ ಇಟ್ಟುಕೊಂಡರು.

ಅತ್ತೆ, ಬಂದ ಕೂಡಲೇ ಮುಚ್ಚಳ ತೆಗೆಯಿರಿ. ಮುಚ್ಚಿಟ್ಟರೆ ಆ ನೀರು ಕೊಳೆಯುತ್ತದೆ. ಇದು ನನಗೆ ಗೊತ್ತಿರುವುದು ನಿಮ್ಮ ಮಗನಿಂದ. ಇಲ್ಲಿ ಕೋಣೆಯಲ್ಲಿ ಅವರೊಂದು ಗಾಜಿನ ತೊಟ್ಟಿ ಇಟ್ಟಿದ್ದರು. ಕಳೆದ ದೀಪಾವಳಿಗೆ ಮಾವನವರಿಂದ ಗಾಜು ಕತ್ತರಿಸಿಕೊಂಡು ತಂದದ್ದು ಪುಸ್ತಕದ ಕಪಾಟಿಗಲ್ಲ, ಇದಕ್ಕೆ. ಕಡಲು ಇಳಿದಾಗ ಬಂಡೆಯ ಗುಂಡಿಗಳಲ್ಲಿ ಉಳಿದುಹೋದ ಪುಟ್ಟ ಮೀನು, ಏಡಿ ಹಿಡಿದು ತರುತ್ತಿದ್ದರು. ಮೊದಮೊದಲು ಎಲ್ಲ ಸಾಯುತ್ತಿದ್ದವು. ಅವರು ಊಟ ಬಿಡುತ್ತಿದ್ದರು, ನಾನು ನಕ್ಕರೆ ಸಿಟ್ಟಾಗುತ್ತಿದ್ದರು. ಕೊನೆಗೆ ಒಂದು ಬದುಕಿ ನಿಂತಿತು, ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯ, ಹೆಬ್ಬೆರಳಿನಷ್ಟು ಮೀನು. ಅದು ಈಗಲೂ ಇದೆ. ಈ ಕೋಣೆಯಲ್ಲಿ ಈಗ ನಾವಿಬ್ಬರೇ.

ಮಕ್ಕಳ ಶಾಲೆಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿದೆ. ಅಪ್ಪ ಇಲ್ಲಿಗೂ ಬಂದಿದ್ದರು. ನಿಮ್ಮ ಮಾತು ಮೀರಲಾರೆ ಎಂದು ಹೇಳಿ ಕಳಿಸಿದೆ. ಒಂದು ಮಾತು, ತಪ್ಪು ತಿಳಿಯಬೇಡಿ. ಕಾಗದದ ಮೇಲೆ ನೀವು ಸೌಭಾಗ್ಯವತಿ ಎಂದು ಬರೆಯುತ್ತೀರಿ. ಪೋಸ್ಟ್‌ಮ್ಯಾನ್ ಅದನ್ನು ಓದಿ ನನ್ನ ಹಣೆ ನೋಡುತ್ತಾನೆ. ಕುಂಕುಮ ಇಟ್ಟ ದಿನವೂ ನೋಡುತ್ತಾನೆ, ಇಡದ ದಿನವೂ ನೋಡುತ್ತಾನೆ.

ನಿಮ್ಮ ಸೊಸೆ,
ಅನ್ನಪೂರ್ಣ


ಹೊನ್ನಾಳಿ
24-11-1978

ಚಿ. ಸೌ. ಅನ್ನಪೂರ್ಣಳಿಗೆ ಆಶೀರ್ವಾದ.

ಪೋಸ್ಟ್‌ಮ್ಯಾನ್ ನೋಡಿದರೆ ನೋಡಲಿ, ಅವನ ಕಣ್ಣು ಅವನದು. ನೀನು ಕುಂಕುಮ ಇಡು.

ಕಪಾಟಿಗೆ ಎಂದು ಸುಳ್ಳು ಹೇಳಿ ಗಾಜು ಒಯ್ದನೇ ಆ ಕಳ್ಳ? ನಿನ್ನ ಕಾಗದ ಓದಿ ಹೇಳಿದಾಗ ನಿನ್ನ ಮಾವ ಮೊದಲು ನಕ್ಕರು, ಆಮೇಲೆ ಅಂಗಡಿಯ ಒಳಕ್ಕೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರೇ ಶೋಕೇಸಿಗೆಂದು ಇಟ್ಟಿದ್ದ ದಪ್ಪ ಗಾಜು ಇಳಿಸಿ ಅಳತೆ ಹಾಕಿದರು. "ನಿಂಗೂ ಒಂದು ಮಾಡ್ಕೊಡ್ತೀನಿ. ಸೋರಿದ್ರೆ ನನ್ನನ್ನ ಅನ್ನಬ್ಯಾಡ" ಎಂದರು. ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಸಂದಿಗೆ ಡಾಂಬರು ಮೆತ್ತಿದ್ದಾರೆ. ಹಿತ್ತಿಲ ಕಡೆಯ ಪಡಸಾಲೆಯಲ್ಲಿ, ನಾನು ಅಕ್ಕಿ ಆರಿಸಲು ಕೂರುವ ಜಾಗದ ಎದುರಿಗೆ ಇಟ್ಟಿದೆ. ಸೋರಿತು. ನಾನು ಏನೂ ಅನ್ನಲಿಲ್ಲ. ಮತ್ತೆ ಮೆತ್ತಿದರು.

ಆದರೆ ನೀನು ಕಳಿಸಿದ ಸಮುದ್ರ ನನ್ನ ಮೇಲೆ ಮುನಿಸಿಕೊಂಡಿದೆ. ಮುಚ್ಚಳ ತೆಗೆಯಲು ನನಗೆ ಮನಸ್ಸೇ ಬಂದಿರಲಿಲ್ಲ, ಕ್ಯಾನನ್ನು ಹಾಗೇ ನೋಡುತ್ತಾ ಎರಡು ದಿನ ಕೂತಿದ್ದೆ. ತೆಗೆದಾಗ ಬಚ್ಚಲ ಮೋರಿಯ ಹಾಗೆ ನಾರಿತು. ತೊಟ್ಟಿಗೆ ಹಾಕಿದರೆ ತಳ ಮುಚ್ಚುವುದಕ್ಕೂ ಸಾಲಲಿಲ್ಲ. ದಿನದಿನಕ್ಕೆ ನೀರು ಇಳಿಯುತ್ತಿದೆ. ಇಳಿದಷ್ಟಕ್ಕೂ ಅಡುಗೆಯ ಕಲ್ಲುಪ್ಪು ಕರಗಿಸಿ ಹಾಕಿದೆ. ಉಪ್ಪಿನ ಸಮುದ್ರಕ್ಕೆ ಉಪ್ಪೇ ತಾನೆ? ಈಗ ಗಾಜಿನ ಅಂಚಿಗೆಲ್ಲ ಬಿಳಿ ಹೊಪ್ಪಳೆ ಕಟ್ಟಿದೆ.

ಅವನು ಏನೇನು ಮಾಡುತ್ತಿದ್ದ, ಹೇಗೆ ಮಾಡುತ್ತಿದ್ದ, ಎಲ್ಲ ಬರೆ. ಅವನು ಮಾಡಿದ್ದನ್ನು ನಾನು ಮಾಡಬಲ್ಲೆ. ಜೀವ ಇರುವುದು ಏನಾದರೂ ಕಳಿಸು.

ನಿನ್ನ ಅತ್ತೆ,
ಸರ್ವಮಂಗಳಮ್ಮ


ಹೊನ್ನಾವರ
10-12-1978

ಅತ್ತೆಯವರಿಗೆ ಅನ್ನಪೂರ್ಣಳ ಶರಣು.

ಆ ನೀರನ್ನು ಚೆಲ್ಲಿಬಿಡಿ. ಬೇರೆ ಕ್ಯಾನುಗಳನ್ನು ಒಂದೊಂದಾಗಿ ಕಳಿಸುತ್ತೇನೆ.

ಬಿಸಿಲಿಗೆ ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ಗಾಜಿನ ಮೇಲೆ ಒಂದು ಗೀರು ಹಾಕಿಕೊಂಡು, ಇಳಿದಷ್ಟಕ್ಕೆ ಸಿಹಿನೀರು ಹಾಕಬೇಕು. ನಿಮ್ಮ ಮಗನೂ ಮೊದಲು ಉಪ್ಪೇ ಹಾಕಿದ್ದರು. ನಿಮ್ಮ ಕಾಗದ ಓದುವಾಗ ಅದು ನೆನಪಾಗಿ ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂತು. ಹೊಳೆಯ ಮರಳನ್ನು ತಿಳಿಯಾಗುವ ತನಕ ತೊಳೆದು ತಳಕ್ಕೆ ಹಾಕಿ. ದಾವಣಗೆರೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ನೀರಿಗೆ ಗಾಳಿ ಊದುವ ಸಣ್ಣ ಮೋಟಾರು ಸಿಗುತ್ತದೆ, ಮಾವನವರಿಗೆ ತರಲು ಹೇಳಿ. ಆಮೇಲೆ ಒಂದು ತಿಂಗಳಾದರೂ ಏನನ್ನೂ ಬಿಡದೆ ಕಾಯಬೇಕು. ಅಷ್ಟರಲ್ಲಿ ನೀರು ತನ್ನಷ್ಟಕ್ಕೆ ಹದಕ್ಕೆ ಬರುತ್ತದೆ. ಬರೀ ನೀರು ನೋಡುತ್ತಾ ಕೂರುವುದೇ ಎಲ್ಲಕ್ಕಿಂತ ಕಷ್ಟ ಎನ್ನುತ್ತಿದ್ದರು. ನನಗೀಗ ಅದು ಅಭ್ಯಾಸವಾಗಿದೆ.

ಹದವಾದ ಮೇಲೆ ಒಂದು ಏಡಿ ಕಳಿಸುತ್ತೇನೆ. ಅದು ಗಟ್ಟಿ ಜೀವ. ಆದರೆ ಅದಕ್ಕೆ ಅನ್ನ ಆಗುವುದಿಲ್ಲ ಅತ್ತೆ. ಒಣಸಿಗಡಿಯನ್ನು ಚೂರು ಮಾಡಿ ಹಾಕಬೇಕು. ನಮ್ಮ ಮನೆಯಲ್ಲಿ ಆಗದ ಮಾತು ಎಂದು ಗೊತ್ತು. ಅವರು ಕೈಯಿಂದಲೇ ಹಾಕುತ್ತಿದ್ದರು. ಆಮೇಲೆ ಸೋಪು ಹಚ್ಚಿ ತೊಳೆದುಕೊಂಡು, ಮೂಸಿ ನೋಡಿ, ಮತ್ತೆ ತೊಳೆದುಕೊಂಡು "ಅವ್ವಂಗೆ ಹೇಳ್ಬ್ಯಾಡ" ಎನ್ನುತ್ತಿದ್ದರು. ಹೇಳಿಬಿಟ್ಟೆ.

ನಿಮ್ಮ ಸೊಸೆ,
ಅನ್ನಪೂರ್ಣ


ಹೊನ್ನಾಳಿ
22-2-1979

ಚಿ. ಸೌ. ಅನ್ನಪೂರ್ಣಳಿಗೆ ಆಶೀರ್ವಾದ.

ನಿನ್ನ ಏಡಿ ಬಂದು ಮುಟ್ಟಿತು. ಧರ್ಮಪ್ಪ ಕ್ಯಾನನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು "ತಗಳ್ರವ್ವ, ದಾರಿ ಉದ್ದಕ್ಕೂ ಮಾತಾಡ್ಸಿಕೊಂಡು ಬಂದೀನಿ" ಎಂದ. ಯಾವುದೋ ಶಂಖದೊಳಗೆ ಸೇರಿಕೊಂಡು, ಅದನ್ನೇ ಹೊತ್ತು ತಿರುಗುತ್ತದಲ್ಲ, ಇದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟಿದ್ದೇನೆ.

ನೀನು ಬೇಡವೆಂದರೂ ಮೊದಲು ಅನ್ನ ಹಾಕಿದೆ. ನೀರು ಗಂಜಿಯಾಯಿತು. ಬಾಡಿಗೆದಾರ ಶಂಖದಿಂದ ಹೊರಗೆ ಬರಲಿಲ್ಲ. ಆವತ್ತು ಕೂತು ಯೋಚಿಸಿದೆ. ನನ್ನ ಮಗನ ಕೈ ಮುಟ್ಟಿದ್ದನ್ನು ನನ್ನ ಕೈ ಮುಟ್ಟಲಾರದೆ? ಪಾತ್ರೆ ತಿಕ್ಕುವ ದ್ಯಾಮಮ್ಮನಿಗೆ ಸಂತೆಯಿಂದ ಒಣಸಿಗಡಿ ತರಲು ಹೇಳಿದೆ. "ಅವ್ವಾರೆ, ಇದರ ವಾಸ್ನಿಗೆ ನೀವು ನಮ್ಮ ಓಣಿಗೇ ಬರ್ತಿರ್ಲಿಲ್ಲ!" ಎಂದಳು. ಈಗ ದಿನಾ ಬೆಳಿಗ್ಗೆ ಒಂದು ಚೂರು ಕೈಯಿಂದ ಹಾಕಿ, ಸ್ನಾನ ಮಾಡಿ, ಆಮೇಲೆ ಲಿಂಗಪೂಜೆಗೆ ಕೂರುತ್ತೇನೆ. ಕೈ ಮೂಸಿ ನೋಡಿಕೊಳ್ಳುತ್ತೇನೆ. ಅವನೂ ಹೀಗೇ ಮೂಸುತ್ತಿದ್ದನಲ್ಲ ಎಂದು ಮತ್ತೊಮ್ಮೆ ಮೂಸುತ್ತೇನೆ.

ಕರೆಂಟು ಹೋದಾಗ ಸ್ಟೀಲ್ ಚೊಂಬಿನಲ್ಲಿ ನೀರೆತ್ತಿ, ಹಾಲು ಆರಿಸುವ ಹಾಗೆ ಮೇಲಿನಿಂದ ಸುರಿಯುತ್ತೇನೆ. ನೀರು ಆಗ ಉಸಿರಾಡುತ್ತದೆ. ಓಣಿಯ ಹೆಂಗಸರೆಲ್ಲ ಹೊನ್ನಾಳಿಗೆ ಸಮುದ್ರ ಬಂದಿದೆ ಎಂದು ನೋಡಿಹೋಗುತ್ತಾರೆ. ಮಹೇಶ ಬಂದ ದಿನ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಆದರೆ ಆ ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ಇಡುವುದು ನನಗೆ ಒಗ್ಗುವುದಿಲ್ಲ. ನನ್ನ ತವರಿನಲ್ಲಿ ಒಳ್ಳೆಯ ನೀರೆಂದರೆ ತಾಮ್ರದಲ್ಲೇ ಇಡುವುದು.

ಒಂದು ಸುದ್ದಿ ಕಿವಿಗೆ ಬಿದ್ದಿದೆ. ನಿನ್ನ ಅಪ್ಪ ಜಗಳೂರಿಗೆ ಹೋಗಿ ಮುರುಗೇಶಪ್ಪ ಎನ್ನುವ ಮೇಷ್ಟ್ರನ್ನು ನೋಡಿ ಬಂದಿದ್ದಾರಂತೆ. ಹೆಂಡತಿ ತೀರಿಕೊಂಡವರಂತೆ. ಉಡಿಕೆಯ ಮಾತಾಗಿದೆಯಂತೆ. ಗಂಡ ಸತ್ತವಳಿಗೆ ಸೀರೆ ಉಡಿಸಿ ಕಳಿಸುವುದು ಉಡಿಕೆ. ನಿನಗೆ ಯಾರು ಸತ್ತಿದ್ದಾರೆ? ಇದು ನಿನಗೆ ಗೊತ್ತೋ ಇಲ್ಲವೋ, ಬರೆ.

ಸರ್ವಮಂಗಳಮ್ಮ


ಹೊನ್ನಾವರ
11-3-1979

ಅತ್ತೆಯವರ ಪಾದಕ್ಕೆ ಶರಣು.

ನಿಮ್ಮ ಕೊನೆಯ ಸಾಲುಗಳನ್ನೇ ಓದಿ ಓದಿ ಉಳಿದದ್ದು ಏನಿತ್ತೆಂದು ಮರೆತುಹೋಯಿತು. ಗೊತ್ತು, ಅತ್ತೆ. ನಾನು ಕೇಳಿಕೊಂಡದ್ದಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ.

ಆ ಮೇಷ್ಟ್ರು ಅಪ್ಪನ ಜೊತೆ ಇಲ್ಲಿಗೆ ಬಂದಿದ್ದರು. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ತೊಟ್ಟಿಯ ಕಡೆ ನೋಡಿ "ಇದು ಅವರದಾ?" ಎಂದು ಕೇಳಿದರು. ಹೌದು ಎಂದೆ. "ನಿಮ್ಮ ಅತ್ತೆಯೋರು ಬಾಯ್ಬಿಟ್ಟು ಹೂಂ ಅನ್ನೋತನ ನಾನು ಕಾಯ್ತೀನಿ" ಎಂದು ಹೇಳಿ ಹೊರಟರು. ಅಷ್ಟೇ ಆದದ್ದು.

ನೀವು ಸಮುದ್ರ ನೋಡಿಲ್ಲ. ನಾನು ಹತ್ತು ತಿಂಗಳಿಂದ ಅದೊಂದನ್ನೇ ನೋಡುತ್ತಿದ್ದೇನೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ದಡಕ್ಕೆ ಹೋಗುತ್ತೇನೆ. ಏನು ತೇಲಿ ಬಂದರೂ ಹತ್ತಿರ ಹೋಗದೆ ನಿಂತು ನೋಡುತ್ತೇನೆ. ಮೊನ್ನೆ ಒಂದು ತೆಂಗಿನ ಮಟ್ಟೆ ಅಲೆಯಲ್ಲಿ ಹೊರಳಿ ಬಂತು. ನಾನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಮೊದಲು ಅವರು ಸಿಗಲಿ ಎಂದು ಹೋಗುತ್ತಿದ್ದೆ ಅತ್ತೆ, ಈಗ ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ಹೋಗುತ್ತೇನೆ. ಇಷ್ಟು ದಿನಗಳ ಮೇಲೆ ಸಿಕ್ಕರೆ ನೋಡುವ ಶಕ್ತಿ ನನಗಿಲ್ಲ.

ಅವರನ್ನು ಮರೆಯಲು ನಾನು ಹೋಗುತ್ತಿಲ್ಲ. ನನಗೆ ಇಪ್ಪತ್ತೆರಡು ವರ್ಷ. ನೀವು ಕಾಯಿ ಎಂದರೆ ಕಾಯುತ್ತೇನೆ, ನಿಮ್ಮ ಮಾತು ಮೀರಿ ಈ ಬಾಗಿಲಿಗೆ ಬೀಗ ಹಾಕುವುದಿಲ್ಲ. ಆದರೆ ಒಂದು ಸಲ, ಒಂದೇ ಸಲ, ಅವರು ಇಲ್ಲ ಎಂದು ನೀವು ನನಗೆ ಹೇಳಿ. ಬೇರೆ ಯಾರು ಹೇಳಿದರೂ ನನಗೆ ನಂಬಿಕೆ ಬರುತ್ತಿಲ್ಲ.

ಅನ್ನಪೂರ್ಣ


ಹೊನ್ನಾಳಿ
20-3-1979

ಚಿ. ಸೌ. ಅನ್ನಪೂರ್ಣಳಿಗೆ.

ಕಾಗದ ತಲುಪಿತು. ಏಡಿ ಚೆನ್ನಾಗಿದೆ. ತೊಟ್ಟಿಯ ನೀರು ಸ್ವಲ್ಪ ಬದಲಿಸಬೇಕು, ಹೊಸ ನೀರು ಕಳಿಸು.

ಸರ್ವಮಂಗಳಮ್ಮ


ಹೊನ್ನಾವರ
28-4-1979

ಅತ್ತೆಯವರಿಗೆ ಅನ್ನಪೂರ್ಣಳ ಶರಣು.

ನೀವು ಕೇಳಿದ ನೀರು ಮೂರು ಕ್ಯಾನುಗಳಲ್ಲಿ ಬರುತ್ತಿದೆ. ನಾಲ್ಕನೆಯ ಕ್ಯಾನಿಗೆ ಬಟ್ಟೆ ಸುತ್ತಿದ್ದೇನೆ, ಅದನ್ನು ಜೋಪಾನವಾಗಿ ಇಳಿಸಿಕೊಳ್ಳಿ. ಅದರಲ್ಲಿ ಇರುವುದು ಅವರ ಮೀನು.

ಶಾಲೆಗೆ ರಜೆ ಬಂತು. ಮುಂದಿನ ವರ್ಷ ನನ್ನ ಕೆಲಸ ಇಲ್ಲವಂತೆ. ನನಗಿಂತ ನಿಮ್ಮ ಹತ್ತಿರ ಇದು ಚೆನ್ನಾಗಿ ಬದುಕುತ್ತದೆ ಅನ್ನಿಸಿತು. ಅವರು ಆ ಭಾನುವಾರ ದೋಣಿಗೆ ಹೋಗುವ ಮೊದಲು ಇದಕ್ಕೆ ಒಂದು ಚೂರು ಹಾಕಿ, "ಬರೋತನ ಸಾಕು" ಎಂದು ಹೋದರು. ಅವರ ಕೈಯಿಂದ ಕೊನೆಗೆ ತಿಂದ ಜೀವ ಇದು. ನನ್ನ ಕೈಯ ಅಡುಗೆಯನ್ನೂ ಅವರು ಆವತ್ತು ತಿಂದಿರಲಿಲ್ಲ, ಬಂದು ಉಣ್ಣುತ್ತೇನೆ ಎಂದಿದ್ದರು.

ಕ್ಯಾನಿನ ನೀರಿಗೆ ನಿಮ್ಮ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಒಗ್ಗಿದ ಮೇಲೆ ಬಿಡಿ. ನೀವು ಹೂಂ ಎನ್ನುವ ತನಕ ನಾನು ಇಲ್ಲೇ ಇರುತ್ತೇನೆ.

ಅನ್ನಪೂರ್ಣ


ಹೊನ್ನಾವರ
7-5-1979

ಅತ್ತೆಯವರಿಗೆ ಶರಣು.

ಅವಸರದಲ್ಲಿ ಕಾರ್ಡು ಬರೆಯುತ್ತಿದ್ದೇನೆ. ನಿಮ್ಮ ಹಳೆಯ ಕಾಗದಗಳನ್ನು ಕಟ್ಟಿಡುವಾಗ ತಾಮ್ರದ ಮಾತು ಕಣ್ಣಿಗೆ ಬಿತ್ತು. ಆಗ ಓದಿದ್ದರೂ ಮನಸ್ಸಿಗೆ ಹೋಗಿರಲಿಲ್ಲ. ಆ ನೀರನ್ನು ತಾಮ್ರದಲ್ಲಾಗಲಿ ಹಿತ್ತಾಳೆಯಲ್ಲಾಗಲಿ ಇಡಲೇಬೇಡಿ. ಉಪ್ಪುನೀರಿಗೆ ತಾಮ್ರ ಬಿಡುತ್ತದೆ, ಈ ಜೀವಗಳಿಗೆ ಅದು ವಿಷ. ನಿಮ್ಮ ಮಗನ ಮೊದಲ ಏಡಿಗಳು ಹಿತ್ತಾಳೆ ಬೋಗುಣಿಯಲ್ಲಿಟ್ಟೇ ಸತ್ತದ್ದು. ಕ್ಯಾನಿನಲ್ಲೇ ಇರಲಿ.

ಅನ್ನಪೂರ್ಣ


ಹೊನ್ನಾಳಿ
14-6-1979

ಚಿ. ಅನ್ನಪೂರ್ಣಳಿಗೆ ಸರ್ವಮಂಗಳಮ್ಮನ ಆಶೀರ್ವಾದ.

ನಿನ್ನ ಕಾರ್ಡು ಬರುವಷ್ಟರಲ್ಲಿ ಮುಗಿದುಹೋಗಿತ್ತು. ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಮೀನು ಚೆನ್ನಾಗಿಯೇ ಬಂದಿತ್ತು. ನೀನು ಹೇಳಿದ ಹಾಗೆ ಒಗ್ಗಿಸಿಯೇ ಬಿಟ್ಟೆ. ನಾನು ಅಕ್ಕಿ ಆರಿಸಲು ಕೂತರೆ ಗಾಜಿನ ಹತ್ತಿರ ಬಂದು ನಿಲ್ಲುತ್ತಿತ್ತು. ನನ್ನ ಬೆರಳು ಹೋದ ಕಡೆ ಬರುತ್ತಿತ್ತು. ಆ ಒಂದು ವಾರ ನಾನು ಮನೆಯಲ್ಲಿ ಹಾಡು ಹೇಳಿಕೊಂಡು ಓಡಾಡಿದೆ ಎಂದು ನಿನ್ನ ಮಾವ ಹೇಳುತ್ತಾರೆ.

ದೋಣಿ ಮಗುಚಿ ವರ್ಷ ತುಂಬುವ ದಿನ ನೀರು ಬದಲಿಸಬೇಕು ಅಂದುಕೊಂಡಿದ್ದೆ. ತವರಿನವರು ಕೊಟ್ಟ ತಾಮ್ರದ ಹಂಡೆಯನ್ನು ಅಟ್ಟದಿಂದ ಇಳಿಸಿ, ಹುಣಿಸೆಹಣ್ಣು ಹಚ್ಚಿ ಫಳಫಳ ಹೊಳೆಯುವ ಹಾಗೆ ತಿಕ್ಕಿದೆ. ನೀನು ಕಳಿಸಿದ ನೀರನ್ನೆಲ್ಲ ಅದಕ್ಕೆ ಸುರಿದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಎರಡು ದಿನ ದೇವರ ಮುಂದೆ ಇಟ್ಟಿದ್ದೆ. ಆ ದಿನ ಬೆಳಿಗ್ಗೆ ಕೈಯಾರೆ ಮೊಗೆಮೊಗೆದು ತೊಟ್ಟಿಗೆ ಹಾಕಿದೆ. ಸಂಜೆಗೆ ಮೀನು ತಳಕ್ಕೆ ಒರಗಿತು. ಬಾಯಿ ತೆರೆತೆರೆದು ಮುಚ್ಚುತ್ತಿತ್ತು. ನಾನು ಚೊಂಬು ತಗೊಂಡು ನೀರು ಎತ್ತಿ ಸುರಿದೆ, ಕೈ ಸೋಲುವ ತನಕ ಸುರಿದೆ. ಉಳಿಯಲಿಲ್ಲ. ಮಾರನೆಯ ದಿನ ಬಾಡಿಗೆದಾರನೂ ಶಂಖ ಬಿಟ್ಟು ಹೊರಗೆ ಬಿದ್ದಿದ್ದ.

ಅದರ ಮರುದಿನ ನಿನ್ನ ಕಾರ್ಡು ಬಂತು, ನಿನ್ನ ಮಾವ ಓದಿದರು. ಆಮೇಲೆ "ಕ್ಯಾನಿನಾಗೇ ಇರಾಕೆ ಬಿಡಬೇಕಿತ್ತಲ್ಲ, ಯಾಕ್ ತಾಮ್ರಕ್ಕೆ ಹಾಕಿದಿ?" ಎಂದು ಕೇಳಿದರು. ನನ್ನ ಬಾಯಿಂದ ಬಂತು ನೋಡು: "ಆ ನೀರಾಗೆ ಅವ್ನು ಅದಾನಲ್ರೀ. ಅವ್ನನ್ನ ಪ್ಲಾಸ್ಟಿಕ್ ಕ್ಯಾನಿನಾಗೆ ಹೆಂಗೆ ಇಡ್ಲಿ?" ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಅಂದರೆ ನನಗೆ ಮೊದಲಿನಿಂದಲೂ ಗೊತ್ತಿತ್ತು ಅನ್ನಪೂರ್ಣ. ಒಂದು ಕ್ಯಾನು ನೀರು ಕಳಿಸು ಎಂದು ಬರೆದ ದಿನವೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಆ ದಡದಲ್ಲಿ ನಿಲ್ಲಿಸಿದ್ದೆ.

ಮೀನನ್ನು ಚೆಲ್ಲಲು ದ್ಯಾಮಮ್ಮ ಬಂದಳು, ಮುಟ್ಟಬೇಡ ಎಂದೆ. ಸತ್ತ ದಿನವೇ ಅದನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ನಮ್ಮ ಹಿರಿಯರ ಸಮಾಧಿಗಳಿರುವ ಹೊಲಕ್ಕೆ ನಾವಿಬ್ಬರೇ ಹೋದೆವು. ನನ್ನ ಮಾವನವರ ಪಕ್ಕದಲ್ಲಿ ನಿನ್ನ ಮಾವ ಅಂಗೈಯಗಲ ಗುಂಡಿ ತೆಗೆದರು. ತೊಟ್ಟಿಯ ಮರಳು ಹಾಕಿ, ವಿಭೂತಿ ಇಟ್ಟು, ಪತ್ರೆ ಹಾಕಿ ಮಣ್ಣು ಮಾಡಿದೆವು. ನೋಡಿದವರು ಹುಚ್ಚು ಎನ್ನಬಹುದು, ಎನ್ನಲಿ. ಮೂರು ಹಿಡಿ ಮಣ್ಣು ಹಾಕಿದ ಮೇಲೆ ನಾನು ಅತ್ತುಬಿಟ್ಟೆ. ಒಂದು ವರ್ಷದಿಂದ ಅತ್ತಿರಲಿಲ್ಲ. ನಿನ್ನ ಮಾವ ಮಣ್ಣುಗೈಯಲ್ಲೇ ನನ್ನ ತಲೆ ಹಿಡಿದುಕೊಂಡು ಅವರೂ ಅತ್ತರು.

ಟ್ರಂಕು ತೆಗೆದು ಫೋಟೋ ಕೊಟ್ಟೆ. ತೊಟ್ಟಿ ಬಿಚ್ಚಿ ಅದರದೇ ಒಂದು ಗಾಜು ಕತ್ತರಿಸಿ ಹಾಕಿದ್ದಾರೆ. ಫೋಟೋಕ್ಕೆ ದಪ್ಪವಾಯಿತು. ಒಂದು ಅಂಚಿನಲ್ಲಿ ಉಪ್ಪಿನ ಬಿಳಿ ಗೀರು ಉಳಿದಿದೆ, ಒರೆಸಬೇಡಿ ಎಂದಿದ್ದೇನೆ. ಮುಂದಿನ ಸೋಮವಾರ ಅವನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿಸಿ ಊಟ ಹಾಕಿಸುತ್ತೇವೆ.

ನೀನು ಒಂದು ಸಲ ಹೇಳಿ ಎಂದಿದ್ದೆ. ಹೇಳುತ್ತೇನೆ. ನನ್ನ ಮಗ ಮಹೇಶ, ನಿನ್ನ ಗಂಡ, ಲಿಂಗೈಕ್ಯನಾದ. ಅವನು ಇಲ್ಲ.

ಧರ್ಮಪ್ಪನ ಕೈಯಲ್ಲಿ ಈ ಸಲ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ನನ್ನ ಮದುವೆಯ ಇಳಕಲ್ ಸೀರೆ ಇದೆ. ಉಡಿಕೆಗೆ ಅದನ್ನೇ ಉಡು. ಆ ಮೇಷ್ಟ್ರಿಗೆ ನಾನು ಹೂಂ ಎಂದೆ ಎಂದು ನಿನ್ನ ಅಪ್ಪನಿಗೂ ಬರೆದಿದ್ದೇನೆ. ಕಾಗದದ ಮೇಲೆ ಸೌ. ಎಂದು ಬರೆಯಲು ಕೈ ಹೋಗಿತ್ತು, ತಡೆದೆ. ಜಗಳೂರಿನ ವಿಳಾಸಕ್ಕೆ ಬರೆಯುವಾಗ ತಪ್ಪದೆ ಬರೆಯುತ್ತೇನೆ.

ಇನ್ನು ನೀರು ಕಳಿಸಬೇಡ. ಅದೇ ಬಸ್ಸಿಗೆ ನೀನು ಬಾ. ಬರುವಾಗ ಆ ಬಾಗಿಲಿಗೆ ಬೀಗ ಹಾಕು. ಅಲ್ಲಿಗೆ ಯಾರೂ ಬರುವುದಿಲ್ಲ.

ಮಹೇಶನ ಅವ್ವ,
ಸರ್ವಮಂಗಳಮ್ಮ